ಹಳೆಯ ಕಾರಿಗೆ ಹೈಬ್ರಿಡ್ ಎಂಜಿನ್: ಜಪಾನಿನ ಅನುಭವ ಹೇಳುವುದೇನು?

2023ರ ಜನವರಿಯಲ್ಲಿ ನಡೆದ ಟೋಕಿಯೊ ಆಟೊ ಸಲೋನ್ ಪ್ರದರ್ಶನದಲ್ಲಿ ಟೊಯೋಟ ಸಂಸ್ಥೆ ತನ್ನ ಎರಡು ಹಳೆಯ ಕಾರುಗಳನ್ನು ಹೊಸ ರೂಪದಲ್ಲಿ ಜನರ ಮುಂದಿರಿಸಿತು. ಎರಡೂ 1983ರಿಂದ 1987ರವರೆಗೆ ತಯಾರಾದ ಎಇ86 ಮಾದರಿಯವು. ಒಂದರಲ್ಲಿ ಮೂಲ ಎಂಜಿನ್ನನ್ನೇ ಹೈಡ್ರೋಜನ್ ಉರಿಸುವಂತೆ ಮಾರ್ಪಡಿಸಲಾಗಿತ್ತು. ಇನ್ನೊಂದರಲ್ಲಿ ಎಂಜಿನ್ ತೆಗೆದು ವಿದ್ಯುತ್ ಮೋಟಾರು ಕೂರಿಸಲಾಗಿತ್ತು. ಎರಡು ವರ್ಷಗಳ ಬಳಿಕ, 2025ರ ಪ್ರದರ್ಶನದಲ್ಲಿ, ನಿಸ್ಸಾನ್ ಸಂಸ್ಥೆಯು ಆರ್32 ಸ್ಕೈಲೈನ್ ಜಿಟಿ-ಆರ್ ಕಾರಿನ ವಿದ್ಯುತ್ ಚಾಲಿತ ರೂಪವನ್ನು ತೋರಿಸಿತು.

ಈ ಮೂರರಲ್ಲಿ ಒಂದೂ ಹೈಬ್ರಿಡ್ ಅಲ್ಲ ಎಂಬುದು ಗಮನಾರ್ಹ. 1997ರ ಡಿಸೆಂಬರ್‌ನಲ್ಲಿ ಪ್ರಿಯಸ್ ಕಾರನ್ನು ಮಾರುಕಟ್ಟೆಗೆ ತಂದು ಹೈಬ್ರಿಡ್ ತಂತ್ರವನ್ನು ಮನೆಮಾತಾಗಿಸಿದ ದೇಶ ಜಪಾನ್. 2035ರ ವೇಳೆಗೆ ಮಾರಾಟವಾಗುವ ಹೊಸ ಕಾರುಗಳೆಲ್ಲ ವಿದ್ಯುದೀಕೃತವಾಗಿರಬೇಕೆಂದು 2021ರಲ್ಲಿ ಗುರಿ ಘೋಷಿಸಿದಾಗಲೂ ಅದು ಹೈಬ್ರಿಡ್ ಕಾರುಗಳನ್ನು ಅದರೊಳಗೇ ಸೇರಿಸಿತು. ಹೀಗಿದ್ದೂ ತನ್ನ ಪಾರಂಪರಿಕ ಕಾರುಗಳ ವಿಷಯ ಬಂದಾಗ ಈ ತಂತ್ರವನ್ನು ಮುಂದಿಡಲಿಲ್ಲವೇಕೆ? ಇದಕ್ಕೆ ಉತ್ತರ ಹುಡುಕಿದರೆ, ಹಳೆಯ ವಾಹನಗಳನ್ನು ಏನು ಮಾಡಬೇಕೆಂಬ ನಮ್ಮ ಚರ್ಚೆಗೂ ಒಂದಿಷ್ಟು ಸ್ಪಷ್ಟತೆ ದೊರೆಯುತ್ತದೆ.

ಹಳೆಯ ಕನಸು

ಹಳೆಯ ಕಾರಿನಲ್ಲಿ ಎರಡು ಶಕ್ತಿಮೂಲಗಳನ್ನು ಸೇರಿಸುವ ಯತ್ನ ಹೊಸದಲ್ಲ. 1965ರಲ್ಲಿ ಮಾರುಕಟ್ಟೆಗೆ ಬಂದ ಟೊಯೋಟ ಸ್ಪೋರ್ಟ್ಸ್ 800 ಎಂಬ ಪುಟ್ಟ ಕಾರಿನ ತೂಕ ಸುಮಾರು 580 ಕಿಲೋಗ್ರಾಂ, ಅದರ ಎಂಜಿನ್ 790 ಸಿಸಿ, ಶಕ್ತಿ 45 ಅಶ್ವಶಕ್ತಿ. 1970ರ ದಶಕದ ಉತ್ತರಾರ್ಧದಲ್ಲಿ ಸಂಸ್ಥೆ ಇದೇ ಕಾರಿನಲ್ಲಿ ಪುಟ್ಟ ಗ್ಯಾಸ್ ಟರ್ಬೈನ್ ಒಂದನ್ನು ಅಳವಡಿಸಿ ಟೋಕಿಯೊ ಮೋಟಾರು ಪ್ರದರ್ಶನದಲ್ಲಿ ಇರಿಸಿತು. ಟರ್ಬೈನು ಜನರೇಟರನ್ನು ತಿರುಗಿಸುತ್ತಿತ್ತು. ಅದರಿಂದ ಬಂದ ವಿದ್ಯುತ್ತು ಮೋಟಾರನ್ನು ನಡೆಸುತ್ತಿತ್ತು. ಆ ಕಾರು ಪ್ರಯೋಗದ ಹಂತ ದಾಟಲಿಲ್ಲ. ಎರಡು ದಶಕಗಳ ನಂತರ ಬಂದ ಪ್ರಿಯಸ್ ಬೇರೆಯೇ ಹಾದಿ ಹಿಡಿಯಿತು.

ಪ್ರಿಯಸ್‌ನಲ್ಲಿ 1.5 ಲೀಟರ್ ಪೆಟ್ರೋಲ್ ಎಂಜಿನ್ ಹಾಗೂ ಎರಡು ಮೋಟಾರುಗಳು ಒಂದು ಗ್ರಹಚಕ್ರ ಗೇರಿನ ಮೂಲಕ ಕೂಡಿಕೊಂಡಿವೆ. ಎಂಜಿನ್ನಿನ ಶಕ್ತಿ ಚಕ್ರಗಳಿಗೆಷ್ಟು, ಬ್ಯಾಟರಿಗೆಷ್ಟು ಎಂಬುದನ್ನು ಗಣಕವೇ ಕ್ಷಣಕ್ಷಣವೂ ನಿರ್ಧರಿಸುತ್ತದೆ. ಚಾಲಕ ಬದಲಿಸುವ ಗೇರ್‌ಬಾಕ್ಸ್‌ಗೆ ಇಲ್ಲಿ ಜಾಗವೇ ಇಲ್ಲ. ಕ್ಲಚ್ ಒತ್ತಿ ಗೇರ್ ಬದಲಿಸುವ ಸುಖಕ್ಕಾಗಿಯೇ ಎಇ86 ಇಟ್ಟುಕೊಂಡವರಿಗೆ ಇಂತಹ ವ್ಯವಸ್ಥೆ ರುಚಿಸುವುದಾದರೂ ಹೇಗೆ? ಟೊಯೋಟ ತನ್ನ ವಿದ್ಯುತ್ ಎಇ86ನಲ್ಲೂ ಕ್ಲಚ್ ಮತ್ತು ಗೇರ್‌ಬಾಕ್ಸ್ ಉಳಿಸಿಕೊಂಡಿತೆಂಬುದು ಈ ಮಾತಿಗೆ ಸಾಕ್ಷಿ. ಆ ಕಾರಿನ ಮೋಟಾರು ಟಂಡ್ರಾ ಹೈಬ್ರಿಡ್ ಪಿಕಪ್‌ನದು, ಬ್ಯಾಟರಿ ಪ್ಲಗ್-ಇನ್ ಪ್ರಿಯಸ್‌ನದು. ಬಿಡಿಭಾಗಗಳು ಹೈಬ್ರಿಡ್ ವಾಹನಗಳವು. ಆದರೆ ಹೈಬ್ರಿಡ್ ಮಾತ್ರ ಅಲ್ಲ!

ಕಷ್ಟ ಎಲ್ಲಿದೆ?

ಹಾಗೆಂದು ಹಳೆಯ ಕಾರಿಗೆ ಹೈಬ್ರಿಡ್ ಅಸಾಧ್ಯವೇನಲ್ಲ. ಅದಕ್ಕೆ ಹೊಂದುವ ಮಾದರಿ ಹೋಂಡಾ ತೋರಿದ್ದು. 1999ರ ಇನ್‌ಸೈಟ್ ಕಾರಿನಲ್ಲಿ ಎಂಜಿನ್ ಹಾಗೂ ಗೇರ್‌ಬಾಕ್ಸ್ ನಡುವೆ ತೆಳುವಾದ ಮೋಟಾರೊಂದನ್ನು ಕೂರಿಸಲಾಗಿತ್ತು. ಗೇರು ಚಾಲಕನ ಕೈಯಲ್ಲೇ ಉಳಿದಿತ್ತು. 2010ರ ಸಿಆರ್-ಝಡ್ ಕಾರಿನಲ್ಲೂ ಇದೇ ಕ್ರಮ, ಜೊತೆಗೆ ಆರು ಗೇರು. ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರಗಳನ್ನು ನಡೆಸುವ ಎಇ86ನಂತಹ ಕಾರಿನಲ್ಲಿ ಮೋಟಾರನ್ನು ಎಂಜಿನ್ನಿನ ಬೆನ್ನಿಗೋ ಗೇರ್‌ಬಾಕ್ಸ್‌ನ ಹಿಂದೆಯೋ ಜೋಡಿಸುವುದು ನುರಿತ ಕಾರ್ಯಾಗಾರಕ್ಕೆ ಎಟುಕದ ಕೆಲಸವಲ್ಲ.

ಆದರೆ ಮೋಟಾರು ಕೂರಿಸಿದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ಹೈಬ್ರಿಡ್ ಕಾರು ಇಂಧನ ಉಳಿಸುವುದು ಮುಖ್ಯವಾಗಿ ಎರಡು ಬಗೆಯಲ್ಲಿ: ಬೇಡದಾಗ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ಮರಳಿಸಿ. ಹಳೆಯ ಕಾರಿನಲ್ಲಿ ಈ ಎರಡೂ ಅಪಾಯವನ್ನು ತರುತ್ತವೆ. ಬ್ರೇಕ್ ಪೆಡಲಿಗೆ ಬಲ ನೀಡುವ ಬೂಸ್ಟರ್ ಎಂಜಿನ್ನಿನ ನಿರ್ವಾತವನ್ನು ಅವಲಂಬಿಸಿದೆ. ಚಲಿಸುವಾಗ ಎಂಜಿನ್ ನಿಂತರೆ ಒಂದೆರಡು ಬಾರಿ ಒತ್ತುವಷ್ಟರಲ್ಲಿ ಪೆಡಲು ಗಟ್ಟಿಯಾಗುತ್ತದೆ. ಹೀಗಾಗಿ ಬೇರೆಯೇ ವಿದ್ಯುತ್ ಪಂಪು ಬೇಕು. ಬೆಲ್ಟಿನಿಂದ ತಿರುಗುವ ಪವರ್ ಸ್ಟೀರಿಂಗ್, ಹವಾನಿಯಂತ್ರಕಗಳ ಕಥೆಯೂ ಇದೇ. ಇನ್ನು ಮೋಟಾರು ಹಿಂದಿನ ಚಕ್ರಗಳನ್ನು ಮಾತ್ರ ತಡೆದು ಶಕ್ತಿ ಹಿಂಪಡೆಯಲು ಹೊರಟರೆ ಮಳೆ ಬಿದ್ದ ರಸ್ತೆಯಲ್ಲಿ ಹಗುರಾದ ಕಾರು ಹಿಂಬದಿಯಿಂದ ಜಾರುವ ಭಯವಿದೆ. ಹೊಸ ಕಾರುಗಳಲ್ಲಿ ಎಬಿಎಸ್ ಹಾಗೂ ಸ್ಥಿರತೆ ಕಾಯುವ ಗಣಕ ಇದನ್ನು ನೋಡಿಕೊಳ್ಳುತ್ತವೆ. 1980ರ ದಶಕದ ಕಾರಿನಲ್ಲಿ ಅಂತಹ ಕಾವಲುಗಾರರಿಲ್ಲ.

ನೂರಾರು ವೋಲ್ಟ್‌ಗಳ ಬ್ಯಾಟರಿಯನ್ನು ಹಳೆಯ ಕಾಲದ ತೆಳು ಉಕ್ಕಿನ ಡಿಕ್ಕಿಯಲ್ಲಿ ಇರಿಸಿದರೆ, ಹಿಂದಿನಿಂದ ಗುದ್ದಿದಾಗ ಏನಾದೀತು ಎಂಬ ಪ್ರಶ್ನೆಯೂ ಇದೆ. ಎಂಜಿನ್ ಪೂರ್ತಿ ತೆಗೆದುಹಾಕಿ ಮೋಟಾರು ಕೂರಿಸಿದಾಗ ಬಾನೆಟ್ ಕೆಳಗೆ ಜಾಗವಾದರೂ ಸಿಗುತ್ತದೆ. ಹೈಬ್ರಿಡ್‌ನಲ್ಲಿ ಪೆಟ್ರೋಲ್ ಟ್ಯಾಂಕು, ಸೈಲೆನ್ಸರು, ರೇಡಿಯೇಟರು ಎಲ್ಲವೂ ಇದ್ದು, ಅದರ ಮೇಲೆ ಬ್ಯಾಟರಿ, ಇನ್ವರ್ಟರು, ಕೇಬಲುಗಳು ಸೇರುತ್ತವೆ. ಹಳತು ಹೊಸತುಗಳೆರಡರ ಭಾರವನ್ನೂ ಅದು ಹೊರಬೇಕು. ತಯಾರಕರು ಈ ದಾರಿ ಹಿಡಿಯದಿರಲು ಇವಿಷ್ಟು ಕಾರಣಗಳೇ ಸಾಕೆನಿಸುತ್ತದೆ. ತಂತ್ರಜ್ಞಾನ ಗುಟ್ಟಾಗಿ ಉಳಿದಿರುವುದು ಕಾರಣವಲ್ಲ. ಟೊಯೋಟ 2019ರಲ್ಲೇ ವಿದ್ಯುದೀಕರಣಕ್ಕೆ ಸಂಬಂಧಿಸಿದ ಸುಮಾರು 23,740 ಪೇಟೆಂಟುಗಳನ್ನು 2030ರವರೆಗೆ ಶುಲ್ಕವಿಲ್ಲದೆ ಬಳಸಲು ತೆರೆದಿಟ್ಟಿದೆ.

ವಯಸ್ಸೋ, ಓಟವೋ?

ಇಷ್ಟೆಲ್ಲ ಶ್ರಮಪಟ್ಟರೆ ಉಳಿಯುವ ಇಂಧನವೆಷ್ಟು? ಒಂದು ಸರಳ ಲೆಕ್ಕ ನೋಡಬಹುದು. ಲೀಟರಿಗೆ 10 ಕಿಲೋಮೀಟರ್ ಓಡುವ ಹಳೆಯ ಕಾರೊಂದು ರಜಾದಿನಗಳಲ್ಲಿ ಮಾತ್ರ ಹೊರಬಂದು ವರ್ಷಕ್ಕೆ 1,000 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಅದು ಸುಡುವುದು 100 ಲೀಟರ್. ಹೈಬ್ರಿಡ್ ಜೋಡಣೆಯಿಂದ ಶೇ 30ರಷ್ಟು ಉಳಿತಾಯವಾದರೂ ಉಳಿಯುವುದು 30 ಲೀಟರ್. ಒಂದು ಲೀಟರ್ ಪೆಟ್ರೋಲ್ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಸೂಸುತ್ತದೆ. ಆ ಪ್ರಕಾರ ವರ್ಷಕ್ಕೆ 70 ಕಿಲೋಗ್ರಾಂನಷ್ಟು ಮಾತ್ರ ಕಡಿಮೆಯಾಗುತ್ತದೆ. ಅದೇ ಜೋಡಣೆ ವರ್ಷಕ್ಕೆ 60,000 ಕಿಲೋಮೀಟರ್ ಓಡುವ ಟ್ಯಾಕ್ಸಿಯಲ್ಲಿದ್ದರೆ ಉಳಿತಾಯ 1,800 ಲೀಟರ್. ಅರವತ್ತು ಪಟ್ಟು ವ್ಯತ್ಯಾಸ!

ಕಾನೂನು ಮಾತ್ರ ಓಟವನ್ನು ಬಿಟ್ಟು ವಯಸ್ಸನ್ನು ಎಣಿಸುತ್ತದೆ. ಜಪಾನಿನಲ್ಲಿ 13 ವರ್ಷ ಮೀರಿದ ಪೆಟ್ರೋಲ್ ಕಾರುಗಳಿಗೆ ವಾರ್ಷಿಕ ತೆರಿಗೆ ಸುಮಾರು ಶೇ 15ರಷ್ಟು ಏರುತ್ತದೆ. ಹೈಬ್ರಿಡ್ ಹಾಗೂ ವಿದ್ಯುತ್ ಕಾರುಗಳಿಗೆ ಈ ಏರಿಕೆಯಿಂದ ವಿನಾಯಿತಿಯಿದೆ. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡುವ ಕಾರಿಗೂ ದಿನವಿಡೀ ಓಡುವ ಕಾರಿಗೂ ಒಂದೇ ದಂಡ. ವಿಪರ್ಯಾಸವೆಂದರೆ, ಅದೇ ದೇಶದ ತಯಾರಕರು ಹಳೆಯ ಕಾರುಗಳನ್ನು ಉಳಿಸಲು ಹೊರಟಿದ್ದಾರೆ. ಮಜ್ದಾ ತನ್ನ ಮೊದಲ ಪೀಳಿಗೆಯ ರೋಡ್‌ಸ್ಟರ್ ಕಾರುಗಳ ಪುನರುಜ್ಜೀವನ ಸೇವೆಯನ್ನು 2017ರಲ್ಲಿ ಆರಂಭಿಸಿತು. ಅದೇ ವರ್ಷ ನಿಸ್ಸಾನ್ ಆರ್32 ಜಿಟಿ-ಆರ್ ಕಾರಿನ ಬಿಡಿಭಾಗಗಳನ್ನು ಮತ್ತೆ ಮಾರಲಾರಂಭಿಸಿತು. 2020ರಲ್ಲಿ ಟೊಯೋಟ ಕೂಡ ಈ ಹಾದಿಗೆ ಬಂದಿತು.

ನಮ್ಮಲ್ಲಿನ ಸ್ಥಿತಿಯನ್ನೂ ಇದರ ಬೆಳಕಿನಲ್ಲಿ ನೋಡಬೇಕು. 2016ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಾವಳಿಗೆ ತಂದ ತಿದ್ದುಪಡಿಯು ಚಾಲನೆಯಲ್ಲಿರುವ ವಾಹನಗಳಿಗೆ, ಅನುಮೋದಿತ ಹೈಬ್ರಿಡ್ ಕಿಟ್ ಜೋಡಿಸಲು ದಾರಿ ತೆರೆಯಿತು. ಅದಕ್ಕೂ ಮೊದಲೇ, 2010ರಲ್ಲಿ, ಪುಣೆಯ ಕೆಪಿಐಟಿ ಮತ್ತು ಭಾರತ್ ಫೋರ್ಜ್ ಸಂಸ್ಥೆಗಳು 'ರೆವೊಲೊ' ಎಂಬ ಕಿಟ್ ಪ್ರಕಟಿಸಿದ್ದವು. ಆದರೆ ಅಂತಹ ಕಿಟ್ ರಸ್ತೆಯಲ್ಲಿ ಸಾಮಾನ್ಯ ನೋಟವಾಗಲಿಲ್ಲ. ಇನ್ನೊಂದೆಡೆ, 2021ರ ನಿಯಮಗಳು 50 ವರ್ಷ ಮೀರಿದ ವಾಹನಗಳನ್ನು ಪಾರಂಪರಿಕ ಎಂದು ಗುರುತಿಸಿ ವಿಶೇಷ ನೋಂದಣಿ ನೀಡುತ್ತವೆ. ಎಂಜಿನ್ ಅಥವಾ ಚಾಸಿಯಲ್ಲಿ ಗಣನೀಯ ಬದಲಾವಣೆ ಮಾಡಿರಬಾರದೆಂಬುದು ಅದರ ಷರತ್ತು; ದೈನಂದಿನ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಅಂದರೆ ಹೈಬ್ರಿಡ್ ಎಂಜಿನ್ ಜೋಡಿಸಿದ ಕ್ಷಣವೇ ಆ ಕಾರು ಪಾರಂಪರಿಕ ಪಟ್ಟ ಕಳೆದುಕೊಳ್ಳುತ್ತದೆ.

ಈ ಷರತ್ತು ಕಠಿಣವೆನಿಸಿದರೂ ಅದರ ಹಿಂದಿನ ತರ್ಕ ಸರಿಯಾಗಿದೆ. ಅಪರೂಪಕ್ಕೆ ಓಡುವ ಕಾರು ಪರಿಸರಕ್ಕೆ ದೊಡ್ಡ ಹೊರೆಯಲ್ಲ. ಅದರ ಬೆಲೆ ಇರುವುದೇ ಅದರ ಎಂಜಿನ್ನಿನಲ್ಲಿ. ಅಂತಹ ಕಾರನ್ನು ಮಾರ್ಪಡಿಸಲೇಬೇಕಾದರೆ ಮೂಲ ಭಾಗಗಳನ್ನು ಕಾದಿಟ್ಟು, ಮತ್ತೆ ಹಿಂದಿನಂತೆ ಜೋಡಿಸಲು ಬರುವಂತಿರಬೇಕು ಎಂಬುದು ಪಾರಂಪರಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾದ ನಿಲುವು ಕೂಡ. ಆದರೆ 15 ವರ್ಷ ದಾಟಿ 50 ಮುಟ್ಟದ ವಾಹನಗಳದು ತ್ರಿಶಂಕು ಸ್ಥಿತಿ. ಇವುಗಳಲ್ಲಿ ದಿನನಿತ್ಯ ದುಡಿಯುವ ವಾಹನಗಳೂ ಇವೆ, ಮನೆಯಂಗಳದಲ್ಲಿ ಅಕ್ಕರೆಯಿಂದ ಕಾದಿಟ್ಟ ಕಾರುಗಳೂ ಇವೆ. ಗುಜರಿ ನೀತಿಯಾಗಲಿ ಹಸಿರು ತೆರಿಗೆಯಾಗಲಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಟೊಯೋಟದ ಹೈಬ್ರಿಡ್ ಕಾರುಗಳು ನಮ್ಮ ಬಿಡದಿಯಲ್ಲೇ ತಯಾರಾಗುತ್ತಿವೆ. 2013ರಲ್ಲಿ ಕ್ಯಾಮ್ರಿಯಿಂದ ಆರಂಭವಾದ ಈ ಕೆಲಸ ಮುಂದೆ ಇನ್ನೋವಾ ಹೈಕ್ರಾಸ್‌ವರೆಗೆ ಬೆಳೆದಿದೆ. ಈ ತಂತ್ರ ಬಲ್ಲ ಕೈಗಳು ರಾಜ್ಯದಲ್ಲಿವೆ. ಹೈಬ್ರಿಡ್ ಜೋಡಣೆಗೆ ಪ್ರೋತ್ಸಾಹ ನೀಡುವುದಾದರೆ ಅದು ಮೊದಲು ತಲುಪಬೇಕಾದದ್ದು ದಿನವಿಡೀ ಓಡುವ ಟ್ಯಾಕ್ಸಿಗೆ, ಸರಕು ಸಾಗಿಸುವ ಸಣ್ಣ ವಾಹನಕ್ಕೆ. ತೆರಿಗೆ ನಿರ್ಧರಿಸುವಾಗ ವಾಹನ ಹುಟ್ಟಿದ ವರ್ಷದ ಜೊತೆಗೆ ಅದು ಓಡಿದ ದೂರ ಮತ್ತು ಉಗುಳುವ ಹೊಗೆಯನ್ನೂ ಅಳೆಯಬೇಕು. ಹಾಗೆ ಅಳೆದರೆ ಎಇ86ನಂತಹ ಕಾರಿನ ಹಳೆಯ ಎಂಜಿನ್ನನ್ನು ಹಾಗೆಯೇ ಬಿಡುವುದಕ್ಕೆ ಯಾರ ಅಡ್ಡಿಯೂ ಇರಲಾರದು.