ಗೆದ್ದೆತ್ತಿನ ಬಾಲ ಹಿಡಿಯದವರು



ಗೆದ್ದೆತ್ತಿನ ಬಾಲ ಹಿಡಿಯುವುದು ಸುಲಭ. ನಮ್ಮ ತಂಡ ಗೆದ್ದ ರಾತ್ರಿ ಪಟಾಕಿ ಹೊಡೆಯಲು ಯಾರೂ ಹೇಳಿಕೊಡಬೇಕಾಗಿಲ್ಲ. ಸೋತ ರಾತ್ರಿಯ ಮಾತೇ ಬೇರೆ. 1996ರ ಮಾರ್ಚ್ 13ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಭಾರತ ತಂಡ ವಿಶ್ವಕಪ್ ಸೆಮಿಫೈನಲ್ ಸೋಲುವ ಹಂತಕ್ಕೆ ಬಂದಾಗ ನಮ್ಮವರೇ ಮೈದಾನಕ್ಕೆ ಬಾಟಲಿಗಳನ್ನು ಎಸೆದರು, ಗ್ಯಾಲರಿಯಲ್ಲಿ ಬೆಂಕಿ ಹಚ್ಚಿದರು. ಆಟ ಮುಂದುವರಿಸಲಾಗದೆ ಶ್ರೀಲಂಕಾ ಗೆದ್ದಿತೆಂದು ಘೋಷಿಸಬೇಕಾಯಿತು. ನಿನ್ನೆ ಹಾರ ಹಾಕಿದ ಆಟಗಾರನ ಪ್ರತಿಕೃತಿಯನ್ನು ಇಂದು ಸುಡುವುದಕ್ಕೆ ಅಭಿಮಾನ ಎನ್ನಬಹುದೇ?

ಈ ಪ್ರಶ್ನೆಯನ್ನು ಹಿಡಿದು ಈ ತಿಂಗಳು ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇನೆ. ಊರು ಅಮೆರಿಕದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗ. ಕಾಲ 1950ರ ಆಸುಪಾಸು. ಆಟ ಬೇಸ್‌ಬಾಲ್. ತಂಡದ ಹೆಸರು ಬ್ರೂಕ್ಲಿನ್ ಡಾಡ್ಜರ್ಸ್.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಕಡೆ ಒಂಬತ್ತು ಆಟಗಾರರು, ಒಟ್ಟು ಒಂಬತ್ತು ಇನ್ನಿಂಗ್ಸ್. ಪಿಚರ್ ಎಂಬವನು ಚೆಂಡು ಎಸೆಯುತ್ತಾನೆ. ದಾಂಡಿಗನು ಅದನ್ನು ಹೊಡೆದು, ಮೂರು ನೆಲೆಗಳನ್ನು ದಾಟಿ, ಹೊರಟ ಜಾಗಕ್ಕೇ ಮರಳಿದರೆ ಒಂದು ಓಟ. ಚೆಂಡು ನೇರವಾಗಿ ಬೇಲಿಯ ಆಚೆ ಹೋದರೆ ಹೋಮ್ ರನ್. ಹತ್ತು ಸಲ ದಾಂಡು ಹಿಡಿದವನು ಮೂರು ಸಲ ಸರಿಯಾಗಿ ಹೊಡೆದರೆ ಅವನು ಉತ್ತಮ ದಾಂಡಿಗ. ಅಂದರೆ ಏಳು ಸಲ ಸೋತವನನ್ನೂ ಮೆಚ್ಚುವ ಆಟ ಇದು! ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ ಪಂದ್ಯ. ಆಗ ಒಂದು ತಂಡ ಒಂದು ಋತುವಿನಲ್ಲಿ 154 ಪಂದ್ಯ ಆಡುತ್ತಿತ್ತು, ಈಗ 162. ಎಂಥ ಬಲಿಷ್ಠ ತಂಡವೂ ಐವತ್ತರಷ್ಟು ಪಂದ್ಯ ಸೋಲುತ್ತದೆ. ಕೊನೆಗೆ ಎರಡು ಲೀಗುಗಳ ವಿಜೇತರು ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್ ಆಡುತ್ತಾರೆ. ಏಳರಲ್ಲಿ ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಪಟ್ಟ.

ಡಾಡ್ಜರ್ಸ್ ತಂಡದ ಮೈದಾನ ಎಬೆಟ್ಸ್ ಫೀಲ್ಡ್ 1913ರಲ್ಲಿ ಆರಂಭವಾಗಿತ್ತು. ಸುಮಾರು 32 ಸಾವಿರ ಜನ ಹಿಡಿಸುವ ಚಿಕ್ಕ ಮೈದಾನ. ಪ್ರೇಕ್ಷಕರ ಕೂಗು ಆಟಗಾರನ ಕಿವಿಗೆ ಬೀಳುವಷ್ಟು ಹತ್ತಿರ. ಹಿಲ್ಡಾ ಚೆಸ್ಟರ್ ಎಂಬ ಹೆಂಗಸು ಅಲ್ಲಿಗೆ ದನದ ಕೊರಳಿನ ಗಂಟೆ ಹಿಡಿದೇ ಬರುತ್ತಿದ್ದರು. ಹೃದಯಾಘಾತವಾದ ಮೇಲೆ ಗಟ್ಟಿಯಾಗಿ ಕೂಗಬಾರದೆಂದು ವೈದ್ಯರು ಹೇಳಿದ್ದರಂತೆ, ಅದಕ್ಕೇ ಗಂಟೆ! 1947ರ ಏಪ್ರಿಲ್ 15ರಂದು ಕಪ್ಪು ಜನಾಂಗದ ಜಾಕಿ ರಾಬಿನ್ಸನ್ ಅವರನ್ನು ಕಣಕ್ಕಿಳಿಸಿ, ದೊಡ್ಡ ಲೀಗಿನಲ್ಲಿ ಬಹುಕಾಲದಿಂದ ಇದ್ದ ವರ್ಣಭೇದದ ಗೋಡೆಯನ್ನು ಒಡೆದದ್ದೂ ಇದೇ ತಂಡ.

ಆದರೆ ಪಟ್ಟ ಮಾತ್ರ ಒಲಿಯಲಿಲ್ಲ. 1941, 1947, 1949, 1952, 1953: ಐದು ಸಲ ವರ್ಲ್ಡ್ ಸೀರೀಸ್ ತಲುಪಿ ಐದು ಸಲವೂ ಅದೇ ನಗರದ ಶ್ರೀಮಂತ ತಂಡವಾದ ಯಾಂಕೀಸ್‌ಗೆ ಸೋತರು. ಪ್ರತಿ ಸೋಲಿನ ನಂತರವೂ ಬ್ರೂಕ್ಲಿನ್ ಜನರ ಬಾಯಲ್ಲಿ ಒಂದೇ ಮಾತು: ಬರುವ ವರ್ಷ ನೋಡೋಣ. ‘ಈ ಸಲ ಕಪ್ ನಮ್ದೇ’ ಎನ್ನುತ್ತ 2008ರಿಂದ 2025ರವರೆಗೆ ಕಾದ ಬೆಂಗಳೂರು ತಂಡದ ಅಭಿಮಾನಿಗಳಿಗೆ ಈ ಮಾತಿನ ರುಚಿ ಚೆನ್ನಾಗಿ ಗೊತ್ತು.

ಈ ಅಭಿಮಾನಿಗಳ ನಡುವೆ ಒಬ್ಬ ಪುಟ್ಟ ಹುಡುಗಿ ಇದ್ದಳು. ಹೆಸರು ಡೋರಿಸ್ ಕರ್ನ್ಸ್. 1943ರಲ್ಲಿ ಹುಟ್ಟಿದವಳು, ಕಥೋಲಿಕ ಮನೆತನದವಳು. ತಂದೆ ಬ್ಯಾಂಕುಗಳ ಲೆಕ್ಕ ಪರಿಶೀಲಿಸುವ ಅಧಿಕಾರಿ, ತಾಯಿ ಹೃದಯದ ಕಾಯಿಲೆಯವರು. ಡೋರಿಸ್‌ಗೆ ಆರು ವರ್ಷವಾದಾಗ ತಂದೆ ಅವಳ ಕೈಗೆ ಒಂದು ಸ್ಕೋರ್ ಪುಸ್ತಕ ಕೊಟ್ಟು ಆಟದ ಲೆಕ್ಕ ಬರೆಯುವುದನ್ನು ಕಲಿಸಿದರು. ಹಗಲು ಪಂದ್ಯ ನಡೆಯುವಾಗ ತಂದೆ ಕೆಲಸದಲ್ಲಿರುತ್ತಿದ್ದರು. ಹುಡುಗಿ ರೇಡಿಯೋ ಮುಂದೆ ಕೂತು ಪ್ರತಿಯೊಂದು ಹೊಡೆತವನ್ನೂ ಬರೆದಿಡುತ್ತಿದ್ದಳು. ಸಂಜೆ ತಂದೆ ಬಂದ ಮೇಲೆ ಇಡೀ ಪಂದ್ಯವನ್ನು ಕಥೆಯಂತೆ ಹೇಳುತ್ತಿದ್ದಳು. ತಂದೆ ಮೊದಲಿನಿಂದ ಕೊನೆಯವರೆಗೂ ಕಿವಿಗೊಟ್ಟು ಕೇಳುತ್ತಿದ್ದರು. ಇದೆಲ್ಲ ನಾಳೆಯ ಪತ್ರಿಕೆಯಲ್ಲಿ ಬರುತ್ತದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ! ತಾನು ಹೇಳದಿದ್ದರೆ ಅಪ್ಪನಿಗೆ ಪಂದ್ಯವೇ ತಿಳಿಯದು ಎಂದೇ ಆ ಮಗು ನಂಬಿತ್ತು. ಮುಂದೆ ಡೋರಿಸ್ ಕರ್ನ್ಸ್ ಗುಡ್ವಿನ್ ಎಂಬ ಹೆಸರಿನಲ್ಲಿ ಅಮೆರಿಕದ ಹೆಸರಾಂತ ಇತಿಹಾಸಕಾರ್ತಿಯಾಗಿ 1995ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದವರು ಇವರೇ. ತನ್ನ ಬಾಲ್ಯದ ನೆನಪುಗಳನ್ನು 1997ರಲ್ಲಿ ಪುಸ್ತಕವಾಗಿ ಹೊರತಂದರು. ಕಥೆ ಹೇಳುವ ವಿದ್ಯೆಯನ್ನು ತಾನು ಕಲಿತದ್ದು ಆ ಸಂಜೆಗಳಲ್ಲಿ ಎನ್ನುತ್ತಾರೆ ಅವರು.

ಆ ಪುಸ್ತಕದಲ್ಲಿ ಅವರ ಮೊದಲ ಪಾಪನಿವೇದನೆಯ ಪ್ರಸಂಗವೊಂದಿದೆ. ಏಳು ವರ್ಷದ ಹುಡುಗಿ ಇತರ ಸಣ್ಣಪುಟ್ಟ ತಪ್ಪುಗಳ ನಡುವೆ, ಬೇರೆಯವರಿಗೆ ಕೇಡಾಗಲಿ ಎಂದು ಬಯಸಿದ್ದನ್ನೂ ಸೇರಿಸಿ ಹೇಳಿದಳು. ಯಾರಿಗೆ ಕೇಡು ಎಂದು ಧರ್ಮಗುರುಗಳು ಕೇಳಿದಾಗ ಹೊರಬಂದದ್ದು ಯಾಂಕೀಸ್ ಪಿಚರ್ ಆಲಿ ರೆನಾಲ್ಡ್ಸ್ ಅವರ ಹೆಸರು! ಅವರ ಕೈ ಮುರಿಯಲಿ ಎಂದು ಅವಳ ಆಸೆ. ಧರ್ಮಗುರುಗಳೂ ಡಾಡ್ಜರ್ಸ್ ಅಭಿಮಾನಿಯೇ. ಆದರೂ ಅವರು ನಗಾಡಿ ಬಿಟ್ಟುಬಿಡಲಿಲ್ಲ. ಎದುರಾಳಿಯ ಮೈಗೆ ಪೆಟ್ಟಾಗಿ ಬಂದ ಗೆಲುವು ನಿನಗೆ ನಿಜವಾಗಿ ಬೇಕೇ ಎಂದು ಕೇಳಿ, ನಮ್ಮ ತಂಡ ಒಂದು ದಿನ ನ್ಯಾಯವಾಗಿಯೇ ಗೆಲ್ಲುತ್ತದೆ ಎಂದು ಧೈರ್ಯ ಹೇಳಿದರು. ನಮ್ಮವರಿಗಾಗಿ ಪ್ರಾರ್ಥಿಸುವುದು ಬೇರೆ, ಇನ್ನೊಬ್ಬರ ವಿರುದ್ಧ ಪ್ರಾರ್ಥಿಸುವುದು ಬೇರೆ ಎಂಬ ಪಾಠ ಆ ಮಗುವಿಗೆ ಸಿಕ್ಕಿತು.

ಎದುರಾಳಿಯನ್ನು ಕ್ಷಮಿಸುವುದೇನೋ ಸರಿ. ನಮ್ಮ ತಂಡದವನೇ ನಮ್ಮನ್ನು ಸೋಲಿಸಿದರೆ? 1951ರ ಋತುವಿನಲ್ಲಿ ಡಾಡ್ಜರ್ಸ್ ಒಂದು ಹಂತದಲ್ಲಿ ಜೈಂಟ್ಸ್ ತಂಡಕ್ಕಿಂತ 13 ಪಂದ್ಯಗಳಿಗೂ ಹೆಚ್ಚು ಮುಂದಿದ್ದರು. ಆ ಅಂತರ ಕರಗಿ ಎರಡೂ ತಂಡ ಸಮವಾದವು. ಅಕ್ಟೋಬರ್ 3ರ ನಿರ್ಣಾಯಕ ಪಂದ್ಯದ ಕೊನೆಯ ಇನ್ನಿಂಗ್ಸ್‌ನಲ್ಲಿ ರಾಲ್ಫ್ ಬ್ರಾಂಕಾ ಎಸೆದ ಚೆಂಡನ್ನು ಜೈಂಟ್ಸ್‌ನ ಬಾಬಿ ಥಾಮ್ಸನ್ ಬೇಲಿಯಾಚೆ ಹೊಡೆದರು. 4–2ರಲ್ಲಿ ಮುಂದಿದ್ದ ಡಾಡ್ಜರ್ಸ್ 5–4ರಲ್ಲಿ ಸೋತರು. ನಾನೇ ಏಕೆ ಎಂದು ಕೇಳಿದ ಬ್ರಾಂಕಾಗೆ ಒಬ್ಬ ಧರ್ಮಗುರು, ಈ ಶಿಲುಬೆ ಹೊರುವಷ್ಟು ವಿಶ್ವಾಸ ನಿನ್ನಲ್ಲಿದೆ ಎಂದು ದೇವರಿಗೆ ಗೊತ್ತು ಎಂದರಂತೆ. ಜೈಂಟ್ಸ್ ತಂಡ ಆ ವರ್ಷ ದೂರದರ್ಶಕ ಇಟ್ಟು ಎದುರಾಳಿಗಳ ಸನ್ನೆಗಳನ್ನು ಕದಿಯುತ್ತಿತ್ತು ಎಂಬ ಸುದ್ದಿ ಬ್ರಾಂಕಾ ಅವರಿಗೆ ಕೆಲವೇ ವರ್ಷಗಳಲ್ಲಿ ತಿಳಿದಿತ್ತು. ಅದು ಪತ್ರಿಕೆಯಲ್ಲಿ ಬಹಿರಂಗವಾದದ್ದು 2001ರಲ್ಲಿ. ಅಲ್ಲಿಯವರೆಗೂ ಅವರು ಅದನ್ನು ನೆಪ ಮಾಡಿಕೊಳ್ಳಲಿಲ್ಲ. ಥಾಮ್ಸನ್ ಜೊತೆ ಸ್ನೇಹದಿಂದಲೇ ಇದ್ದರು.

ಇನ್ನು ಗಿಲ್ ಹಾಜಸ್ ಅವರ ಕಥೆ. ಇಂಡಿಯಾನಾ ರಾಜ್ಯದ ಕಲ್ಲಿದ್ದಲು ಗಣಿ ಕಾರ್ಮಿಕನ ಮಗ. ಸೌಮ್ಯ ಸ್ವಭಾವ, ಬಲವಾದ ತೋಳು. ಬ್ರೂಕ್ಲಿನ್ ಹುಡುಗಿಯನ್ನು ಮದುವೆಯಾಗಿ ಅಲ್ಲಿಯೇ ನೆಲೆಸಿದ ಕಥೋಲಿಕ. 1952ರ ಋತುವಿನಲ್ಲಿ ಅವರು 32 ಹೋಮ್ ರನ್ ಹೊಡೆದಿದ್ದರು. ಆದರೆ ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ಏನಾಯಿತೋ, 21 ಪ್ರಯತ್ನಗಳಲ್ಲಿ ಒಂದೇ ಒಂದು ಹಿಟ್ ಇಲ್ಲ! ಏಳು ಪಂದ್ಯ, ಸೊನ್ನೆ. ತಂಡ ಮತ್ತೆ ಸೋತಿತು. 1953ರ ಋತು ಶುರುವಾದರೂ ದಾಂಡು ಮಾತಾಡಲಿಲ್ಲ.

ಬ್ರೂಕ್ಲಿನ್ ಜನ ಏನು ಮಾಡಿದರು? ಕಲ್ಲೆಸೆಯಲಿಲ್ಲ, ಬೈಯಲಿಲ್ಲ. ಹಾಜಸ್ ದಾಂಡು ಹಿಡಿದು ಬಂದಾಗ ಚಪ್ಪಾಳೆ ತಟ್ಟಿದರು. ಅವರ ಮನೆಗೆ ರಾಶಿ ರಾಶಿ ಪತ್ರಗಳು ಬಂದವು. ಜಪಸರಗಳು, ಪದಕಗಳು, ಸಲಹೆಗಳು ಬಂದವು. ಆ ವಸಂತದ ಒಂದು ಸೆಖೆಯ ಭಾನುವಾರ ಫಾದರ್ ಹರ್ಬರ್ಟ್ ರೆಡ್ಮಂಡ್ ಎಂಬ ಬ್ರೂಕ್ಲಿನ್‌ನ ಧರ್ಮಗುರು ಬಲಿಪೂಜೆಯಲ್ಲಿ, ಸೆಖೆ ಜಾಸ್ತಿಯಾದ್ದರಿಂದ ಇಂದು ಪ್ರಬೋಧನೆ ಇಲ್ಲ, ಮನೆಗೆ ಹೋಗಿ ಹತ್ತು ಕಟ್ಟಳೆಗಳನ್ನು ಪಾಲಿಸಿ, ಗಿಲ್ ಹಾಜಸ್‌ಗಾಗಿ ಒಂದು ಪ್ರಾರ್ಥನೆ ಹೇಳಿ ಎಂದು ಕಳುಹಿಸಿದರು. ಬೇಸ್‌ಬಾಲ್ ಇತಿಹಾಸದಲ್ಲಿ ಇಷ್ಟು ಚಿಕ್ಕದಾಗಿ ಇಷ್ಟು ಪ್ರಸಿದ್ಧವಾದ ಪ್ರಬೋಧನೆ ಇನ್ನೊಂದಿರಲಾರದು. ನಮ್ಮ ಡೋರಿಸ್ ಕೂಡ ಹಿಂದೆ ಬೀಳಲಿಲ್ಲ. ಜ್ಞಾನೋಪದೇಶದಲ್ಲಿ ಬಹುಮಾನವಾಗಿ ಪಡೆದ, ಜಗದ್ಗುರುಗಳು ಆಶೀರ್ವದಿಸಿದ್ದ ಸಂತ ಕ್ರಿಸ್ಟೋಫರರ ಪದಕವನ್ನು ಹಾಜಸ್ ಅವರ ಕೈಗೇ ಕೊಟ್ಟು ಬಂದಳು. ತನ್ನಲ್ಲಿದ್ದ ಅತಿ ಬೆಲೆಬಾಳುವ ವಸ್ತುವನ್ನು ಅವಳು ಕೊಟ್ಟದ್ದು ಗೆದ್ದವನಿಗಲ್ಲ, ಸೋಲುತ್ತಿದ್ದವನಿಗೆ.

ಪ್ರಾರ್ಥನೆಯ ಜೊತೆ ದುಡಿಮೆಯೂ ನಡೆಯಿತು. ತಂಡದ ಮ್ಯಾನೇಜರ್ ಚಾರ್ಲಿ ಡ್ರೆಸೆನ್ ಅವರು ಹಾಜಸ್ ಆಟವನ್ನು ಚಿತ್ರೀಕರಿಸಿ, ಕಾಲಿಡುವುದರಲ್ಲಿ ಆಗುತ್ತಿದ್ದ ದೋಷವನ್ನು ತೋರಿಸಿಕೊಟ್ಟರು. ಆ ಋತುವಿನ ಕೊನೆಗೆ ಹಾಜಸ್ 31 ಹೋಮ್ ರನ್ ಹೊಡೆದಿದ್ದರು. ಹತ್ತಕ್ಕೆ ಮೂರು ಹಿಟ್ ಎಂಬ ಉತ್ತಮ ದಾಂಡಿಗನ ಗೆರೆಯನ್ನೂ ದಾಟಿದ್ದರು. ಪ್ರಾರ್ಥನೆ ಫಲಿಸಿತೋ ಚಿತ್ರೀಕರಣ ಫಲಿಸಿತೋ ಎಂದು ಕೇಳಬೇಡಿ. ಒಂದಂತೂ ನಿಜ. ಬೈಗುಳದ ನಡುವೆ ತನ್ನ ದೋಷವನ್ನು ಸಮಾಧಾನದಿಂದ ನೋಡಿಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ. ಆ ಸಮಾಧಾನವನ್ನು ಅವರಿಗೆ ಕೊಟ್ಟವರು ಬ್ರೂಕ್ಲಿನ್ ಜನ.

ಕೊನೆಗೂ ಆ ‘ಬರುವ ವರ್ಷ’ ಬಂತು. 1955ರಲ್ಲಿ ಡಾಡ್ಜರ್ಸ್ ಮೊದಲ ಹತ್ತೂ ಪಂದ್ಯ ಗೆದ್ದು ಓಟ ಶುರುಮಾಡಿದರು. ವರ್ಲ್ಡ್ ಸೀರೀಸ್‌ನಲ್ಲಿ ಎದುರಿಗೆ ಮತ್ತೆ ಯಾಂಕೀಸ್. ಮೊದಲ ಎರಡು ಪಂದ್ಯ ಸೋತರು, ಮುಂದಿನ ಮೂರು ಗೆದ್ದರು, ಆರನೆಯದು ಕೈತಪ್ಪಿತು. ಅಕ್ಟೋಬರ್ 4ರ ಏಳನೆಯ ಪಂದ್ಯದಲ್ಲಿ 23 ವರ್ಷದ ಜಾನಿ ಪಾಡ್ರೆಸ್ ಎದುರಾಳಿಗಳಿಗೆ ಒಂದು ಓಟವನ್ನೂ ಕೊಡಲಿಲ್ಲ. ಆರನೆಯ ಇನ್ನಿಂಗ್ಸ್‌ನಲ್ಲಿ ಕ್ಯೂಬಾ ದೇಶದ ಸ್ಯಾಂಡಿ ಅಮೊರೊಸ್ ಗೆರೆಯ ಅಂಚಿಗೆ ಓಡಿ, ಬಲಗೈ ಚಾಚಿ, ಅಸಾಧ್ಯವೆನಿಸಿದ ಕ್ಯಾಚ್ ಹಿಡಿದರು. ಡಾಡ್ಜರ್ಸ್ 2–0ರಲ್ಲಿ ಗೆದ್ದರು. ಆ ಎರಡೂ ಓಟಗಳು ಬಂದದ್ದು ಯಾರ ದಾಂಡಿನಿಂದ? ಗಿಲ್ ಹಾಜಸ್ ಅವರದ್ದೇ! ಕೊನೆಯ ಯಾಂಕೀಸ್ ಆಟಗಾರ ಔಟಾದಾಗ ಚೆಂಡು ಬಂದು ಸೇರಿದ್ದೂ ಅವರ ಕೈಗೇ. ಮೂರು ವರ್ಷದ ಹಿಂದೆ ಜನ ಅವರನ್ನು ಕೈಬಿಟ್ಟಿದ್ದರೆ?

ಕಥೆ ಇಲ್ಲಿಗೇ ಮುಗಿದಿದ್ದರೆ ಗೆದ್ದವರ ಕಥೆಯಾಗುತ್ತಿತ್ತು. ಎರಡೇ ವರ್ಷದಲ್ಲಿ, ಹೆಚ್ಚಿನ ಲಾಭಕ್ಕಾಗಿ, ಮಾಲೀಕರು ತಂಡವನ್ನೇ ದೂರದ ಲಾಸ್ ಏಂಜಲೀಸ್‌ಗೆ ಒಯ್ದರು. 1957ರ ಸೆಪ್ಟೆಂಬರ್ 24ರಂದು ಎಬೆಟ್ಸ್ ಫೀಲ್ಡಿನ ಕೊನೆಯ ಪಂದ್ಯಕ್ಕೆ ಬಂದವರು 6,702 ಮಂದಿ. 1960ರಲ್ಲಿ ಮೈದಾನವನ್ನು ಕೆಡವಿ ಮುಂದೆ ವಸತಿ ಕಟ್ಟಡಗಳನ್ನು ಕಟ್ಟಿದರು. 1958ರ ಆರಂಭದಲ್ಲಿ ಡೋರಿಸ್ ತಾಯಿಯನ್ನೂ ಕಳೆದುಕೊಂಡಳು. ಆಗ ಅವಳಿಗೆ 15 ವರ್ಷ. ತಂಡವಿಲ್ಲ, ಮೈದಾನವಿಲ್ಲ, ತಾಯಿಯಿಲ್ಲ. ಉಳಿದದ್ದು ತಂದೆ ಕಲಿಸಿದ ಆ ಲೆಕ್ಕ ಬರೆಯುವ ವಿದ್ಯೆ ಮತ್ತು ಕೇಳಿಸಿಕೊಂಡ ಆ ಸಂಜೆಗಳು. ಮುಂದೆ ಅವರು ಬಾಸ್ಟನ್‌ನ ರೆಡ್ ಸಾಕ್ಸ್ ತಂಡದ ಅಭಿಮಾನಿಯಾಗಿ ತಮ್ಮ ಮಕ್ಕಳನ್ನು ಆಟಕ್ಕೆ ಕರೆದೊಯ್ದರು. ಅದೂ 1918ರ ನಂತರ ಪಟ್ಟ ಕಾಣದ ತಂಡವೇ! 2004ರವರೆಗೆ ಕಾದರು.

ಹಾಜಸ್ 1972ರಲ್ಲಿ, 48 ತುಂಬಲು ಎರಡು ದಿನವಿರುವಾಗ, ಹೃದಯಾಘಾತದಿಂದ ತೀರಿಕೊಂಡರು. ಬೇಸ್‌ಬಾಲ್‌ನ ಅತ್ಯುನ್ನತ ಗೌರವವಾದ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ವರ್ಷಗಟ್ಟಲೆ ಮತದಲ್ಲಿ ಸೋಲುತ್ತಲೇ ಬಂತು. ಆಯ್ಕೆಯಾದದ್ದು 2021ರ ಡಿಸೆಂಬರ್‌ನಲ್ಲಿ. ಅಷ್ಟು ವರ್ಷವೂ ಪಟ್ಟು ಬಿಡದೆ ಅವರ ಪರವಾಗಿ ಕೇಳುತ್ತ ಬಂದವರಲ್ಲಿ ಆ ಹಳೆಯ ಅಭಿಮಾನಿಗಳೂ ಇದ್ದರು. ಸುದ್ದಿ ಬಂದಾಗ ಪತ್ನಿ ಜೋನ್ ಇನ್ನೂ ಬದುಕಿದ್ದರು.

ಪ್ರಿಯರೇ, ನಮ್ಮ ಮನೆಗಳಲ್ಲಿಯೂ ಹಾಜಸ್‌ಗಳಿದ್ದಾರೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಗ, ಮೂರನೆಯ ಸಂದರ್ಶನದಲ್ಲಿಯೂ ಕೆಲಸ ಸಿಗದ ಮಗಳು, ಅಂಗಡಿ ನಷ್ಟವಾಗಿ ತಲೆ ತಗ್ಗಿಸಿ ಕೂತ ಅಣ್ಣ. ಅವರ ಏಳು ಸೋಲುಗಳನ್ನು ಎಣಿಸಲು ಊರಿನ ತುಂಬ ಜನರಿದ್ದಾರೆ. ಮನೆಯವರು ಎಂದು ನಾವು ಇರುವುದು ಬೇರೆ ಕೆಲಸಕ್ಕೆ. ಇವತ್ತು ಸಂಜೆ ಅವರ ಹತ್ತಿರ ಕೂತು, ಆ ದಿನದ ಕಥೆಯನ್ನು ಅವರ ಬಾಯಿಂದಲೇ ಕೊನೆಯವರೆಗೆ ಕೇಳೋಣ. ನಡುವೆ ಬಾಯಿ ಹಾಕುವುದು ಬೇಡ. ನಮಗೆ ಮೊದಲೇ ಗೊತ್ತಿತ್ತು ಎನ್ನುವುದೂ ಬೇಡ. ಮಲಗುವ ಮುನ್ನ ಜಪಸರ ಹಿಡಿದಾಗ ಅವರ ಹೆಸರಿಗೂ ಒಂದು ಮಣಿ ಇರಲಿ.

ಬರುವ ತಿಂಗಳು ಮತ್ತೆ ಭೇಟಿಯಾಗೋಣ.