ತಾಯಿಯ ಕಾಗದ, ಮಗನ ಮತ

ಶಾಸಕನ ನಿಲುವನ್ನು ಅವನ ಭಾಷಣದಿಂದ ಅರಿಯಬಹುದೆಂದು ನಂಬುವವರು ಬಹಳ. ಆದರೆ ಬಾಯಿಯನ್ನೇ ಬಿಡದ ಶಾಸಕನಾದರೆ? ಆಗ ಪತ್ರಿಕೆ ಓದುವವರಿಗೆ ಉಳಿಯುವುದು ಊಹೆಯೊಂದೇ. 1920ರ ಆಗಸ್ಟ್ ತಿಂಗಳಲ್ಲಿ ಅಮೆರಿಕೆಯ ಟೆನೆಸ್ಸಿ ಸಂಸ್ಥಾನದ ನೈಯೋಟ ಎಂಬ ಸಣ್ಣ ಊರಿನಲ್ಲಿ ಫೆಬ್ ಬರ್ನ್ ಎಂಬ ವಿಧವೆಯೊಬ್ಬಳು ಹೀಗೆಯೇ ಪತ್ರಿಕೆಗಳನ್ನು ತಿರುವಿ ಹಾಕುತ್ತಿದ್ದಳು. ಶಾಸಕನೆಂದರೆ ಅವಳ ಮಗನೇ. ಹೆಸರು ಹ್ಯಾರಿ ಬರ್ನ್, ವಯಸ್ಸು 24, ಸಭೆಯಲ್ಲಿ ಎಲ್ಲರಿಗಿಂತ ಕಿರಿಯ.

ವಿಷಯವಾದರೋ ಸಾಮಾನ್ಯವಾದುದಲ್ಲ. ಸ್ತ್ರೀಯರಿಗೆ ಮತದಾನದ ಹಕ್ಕನ್ನು ನೀಡುವ 19ನೆಯ ಸಂವಿಧಾನ ತಿದ್ದುಪಡಿಗೆ 48 ಸಂಸ್ಥಾನಗಳ ಪೈಕಿ 36ರ ಅನುಮೋದನೆ ಬೇಕಾಗಿದ್ದಿತು. 35 ದೊರೆತಿದ್ದವು. ಟೆನೆಸ್ಸಿಯ ಮೇಲ್ಮನೆ ಆಗಸ್ಟ್ 13ರಂದು 25ಕ್ಕೆ 4 ಮತಗಳಿಂದ ಒಪ್ಪಿಗೆಯಿತ್ತಿತು, ಉಳಿದುದು ಕೆಳಮನೆ. ರಾಜಧಾನಿ ನ್ಯಾಶ್‌ವಿಲ್ಲಿನಲ್ಲಿ ಅನುಮೋದನೆಯ ಪಕ್ಷದವರು ಹಳದಿ ಗುಲಾಬಿಯನ್ನೂ ವಿರೋಧಿಗಳು ಕೆಂಪು ಗುಲಾಬಿಯನ್ನೂ ಧರಿಸುತ್ತಿದ್ದರು. ಶಾಸಕರ ಅಂತರಂಗವನ್ನು ಅವರ ಕೋಟಿನ ಮೇಲೆಯೇ ಓದಿಕೊಳ್ಳಬಹುದೆಂದು ಎಲ್ಲರೂ ಭಾವಿಸಿದ್ದರು. ಹ್ಯಾರಿಯ ಕೋಟಿನ ಮೇಲಿದ್ದುದು ಕೆಂಪು ಗುಲಾಬಿ. ಅವನ ಜಿಲ್ಲೆಯ ಮುಖಂಡರ ಇಷ್ಟವೂ ಅದೇ. ನವೆಂಬರಿನಲ್ಲಿ ಅವನು ಮತ್ತೆ ಚುನಾವಣೆಗೆ ನಿಲ್ಲಬೇಕಾಗಿದ್ದಿತು.

ಆಗಸ್ಟ್ 18ರಂದು ಸಭಾಧ್ಯಕ್ಷ ಸೆತ್ ವಾಕರ್ ತಿದ್ದುಪಡಿಯನ್ನು ಬದಿಗಿಡಬೇಕೆಂದು ಸೂಚಿಸಿದನು. (ಬದಿಗಿಡುವುದೆಂಬುದು ಶಾಸನಸಭೆಗಳ ಭಾಷೆಯಲ್ಲಿ ಕೊಲ್ಲುವುದಕ್ಕಿರುವ ಸೌಮ್ಯವಾದ ಹೆಸರು.) ಮತಗಳು 48ಕ್ಕೆ 48. ಮರಳಿ ಎಣಿಸಿದರೂ ಅಷ್ಟೇ. ಎರಡು ಸಲವೂ ಹ್ಯಾರಿ ವಿರೋಧಿಗಳ ಕಡೆಗೇ ಮತವಿತ್ತನು. ಅಂದಿನ ದಾಖಲೆ ಅಲ್ಲಿಗೇ ನಿಂತಿದ್ದರೆ ಸ್ತ್ರೀಯರ ಹಕ್ಕಿನ ಶತ್ರುಗಳ ಪಟ್ಟಿಯಲ್ಲಿ ಅವನ ಹೆಸರೂ ಶಾಶ್ವತವಾಗಿ ಸೇರುತ್ತಿದ್ದಿತು.

ಆದರೆ ಅವನ ಜೇಬಿನಲ್ಲಿ ಏಳು ಪುಟಗಳ ಕಾಗದವೊಂದಿದ್ದಿತು. ತಾಯಿ ಬರೆದದ್ದು. ಮನೆಯ ಸಮಾಚಾರ, ಊರಿನ ಸಮಾಚಾರ, ನಡುನಡುವೆ ರಾಜಕೀಯ. ಸ್ತ್ರೀಯರ ಹಕ್ಕಿಗೆ ಮತ ಕೊಡು, ಅವರನ್ನು ಸಂದೇಹದಲ್ಲಿ ಇರಿಸಬೇಡವೆಂದು ಬರೆದಿದ್ದಳು. ಮೇಲ್ಮನೆಯ ಸದಸ್ಯನೊಬ್ಬನ ವಿರೋಧದ ಭಾಷಣ ಬಹಳ ಕಹಿಯಾಗಿತ್ತೆಂದಳು. ನೀನು ಯಾವ ಕಡೆಯೆಂದು ನೋಡುತ್ತಲೇ ಇದ್ದೇನೆ, ಇನ್ನೂ ಏನೂ ಕಾಣಲಿಲ್ಲವೆಂದಳು. ಒಳ್ಳೆಯ ಹುಡುಗನಾಗಿ, ಹೋರಾಟದ ನಾಯಕಿ ಶ್ರೀಮತಿ ಕ್ಯಾಟ್‌ರಿಗೆ ನೆರವಾಗೆಂದಳು. ಹೆತ್ತವಳ ಮಾತಿನಲ್ಲಿ ಆಕ್ಷೇಪಣೆ ಎಷ್ಟು, ಅಕ್ಕರೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಈಗ ಮೂಲ ಪ್ರಶ್ನೆಯೇ ಮತಕ್ಕೆ ಬಂದಿತು. ಅಕಾರಾದಿಯಲ್ಲಿ ಬರ್ನ್‌ನ ಹೆಸರು ಆರಂಭದಲ್ಲಿಯೇ ಬರುತ್ತದೆ. ಅವನು "ಸಮ್ಮತ" ಎಂದದ್ದು ಎಷ್ಟು ಬೇಗನೆ ಮುಗಿಯಿತೆಂದರೆ, ಕೆಲವರಿಗೆ ತಾವು ಕೇಳಿದ್ದೇ ಸರಿಯೋ ಎಂಬ ಅನುಮಾನ. ಬ್ಯಾಂಕ್ಸ್ ಟರ್ನರ್ ಎಂಬ ಇನ್ನೊಬ್ಬ ಸದಸ್ಯ ತನ್ನ ಸರದಿಯಲ್ಲಿ ಸುಮ್ಮನಿದ್ದು, ಕಡೆಯಲ್ಲಿ ಎದ್ದು ಸಮ್ಮತಿಸಿದನು. 49ಕ್ಕೆ 47. ಗ್ಯಾಲರಿಯಲ್ಲಿ ಎದ್ದ ಗದ್ದಲವನ್ನು ವರ್ಣಿಸಬೇಕಾಗಿಲ್ಲ. ಹ್ಯಾರಿ ಅಟ್ಟದಲ್ಲಿ ಅಡಗಿಕೊಂಡನೆಂಬ ಕಥೆಯನ್ನು ಹೇಳುವವರಿದ್ದಾರೆ, ಕಥೆಯೇ ಇರಬೇಕು.

ಲಂಚ ತಿಂದನೆಂಬ ಅಪವಾದ ಮಾತ್ರ ಕಥೆಯಲ್ಲ, ನಿಜವಾಗಿಯೂ ಹೊರಟಿತು. ಮರುದಿನ ಅವನು ಎದ್ದು ತನ್ನ ಕಾರಣಗಳನ್ನು ಸಭೆಯ ದಾಖಲೆಗೆ ಸೇರಿಸಿದನು: ಮತಾಧಿಕಾರ ಸ್ತ್ರೀಯರ ಹಕ್ಕೆಂದು ತನ್ನ ನಂಬಿಕೆ, ತಾಯಿಯ ಬುದ್ಧಿಮಾತಿನಂತೆ ನಡೆಯುವುದೇ ಮಗನಿಗೆ ಕ್ಷೇಮ, ಒಂದು ಕೋಟಿ ಎಪ್ಪತ್ತು ಲಕ್ಷ ಸ್ತ್ರೀಯರನ್ನು ರಾಜಕೀಯ ದಾಸ್ಯದಿಂದ ಬಿಡಿಸುವ ಅವಕಾಶ ಮನುಷ್ಯನಿಗೆ ಪದೇ ಪದೇ ಬರುವುದಿಲ್ಲ, ಅದರ ಕೀರ್ತಿ ತನ್ನ ರಿಪಬ್ಲಿಕನ್ ಪಕ್ಷಕ್ಕೂ ಸಲ್ಲಲಿ. ಪಕ್ಷವನ್ನು ಕೊನೆಗಾದರೂ ನೆನೆದದ್ದು ರಾಜಕಾರಣಿಗೆ ತಕ್ಕುದೇ. ಇತ್ತ ನೈಯೋಟಕ್ಕೂ ಜನ ಬಂದು, ಕಾಗದ ತನ್ನದಲ್ಲವೆಂದು ತಾಯಿಯ ಬಾಯಿಂದ ಹೇಳಿಸಲು ಯತ್ನಿಸಿದರು. ಆಕೆ ಜಗ್ಗಲಿಲ್ಲ. ವಿರೋಧಿ ಶಾಸಕರು ಮೂವತ್ತಕ್ಕೂ ಹೆಚ್ಚು ಮಂದಿ ಕೋರಂ ಮುರಿಯಲು ನೆರೆಯ ಅಲಬಾಮಕ್ಕೆ ಓಡಿಹೋದರು, ಫಲ ಸಿಗಲಿಲ್ಲ. ಆಗಸ್ಟ್ 26ರಂದು ತಿದ್ದುಪಡಿ ಜಾರಿಗೆ ಬಂದಿತು. ದಕ್ಷಿಣದ ಅನೇಕ ಸಂಸ್ಥಾನಗಳಲ್ಲಿ ಕರಿಯ ಜನಾಂಗದ ಸ್ತ್ರೀಯರಿಗೆ ಆ ಹಕ್ಕು ಕೈಗೆ ಸಿಕ್ಕಲು 1965ರ ಕಾನೂನೇ ಬರಬೇಕಾಯಿತು.

ನವೆಂಬರಿನ ಚುನಾವಣೆಯಲ್ಲಿ ಹ್ಯಾರಿ ಮತ್ತೆ ಗೆದ್ದನು. 2018ರಲ್ಲಿ ನಾಕ್ಸ್‌ವಿಲ್ ನಗರದಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದಾಗ, ಶಿಲ್ಪಿ ತಾಯಿಯನ್ನೂ ಜೊತೆಗೇ ಇರಿಸಿದನು.