ಆಟಕ್ಕೆ ಬೆರಳು ಕಾಣುವುದಿಲ್ಲ



ನಿಮ್ಮ ಮನೆಯಲ್ಲಿ ಮೂರರಿಂದ ಆರನೇ ತರಗತಿಯೊಳಗಿನ ಮಕ್ಕಳಿದ್ದರೆ ನೈಟ್ರೋ ಟೈಪ್ ಎಂಬ ಹೆಸರು ನಿಮ್ಮ ಕಿವಿಗೂ ಬಿದ್ದಿರುತ್ತದೆ. 2011ರಲ್ಲಿ ಶುರುವಾದ ಈ ಆಟ ಇಲ್ಲಿ ಅಮೆರಿಕದ ಶಾಲೆಗಳಲ್ಲಿ ಬಹಳ ಜನಪ್ರಿಯ. ಪರದೆಯ ಮೇಲೆ ಕೆಲವು ಕಾರುಗಳು, ಕೆಳಗೆ ಒಂದು ಪುಟ್ಟ ಪ್ಯಾರಾ. ಬೇಗ ಟೈಪ್ ಮಾಡಿದಷ್ಟೂ ನಿಮ್ಮ ಕಾರು ಬೇಗ ಓಡುತ್ತದೆ. ಓಡಿದರೆ ಆಟದ ದುಡ್ಡು, ದುಡ್ಡು ಕೂಡಿದರೆ ಹೊಸ ಕಾರು. ಹೋಂವರ್ಕ್ ಅಂದರೆ ಮುಖ ತಿರುಗಿಸುವ ಮಕ್ಕಳು "ಅಮ್ಮಾ, ಟೈಪಿಂಗ್ ಪ್ರಾಕ್ಟೀಸ್ ಮಾಡ್ತೀನಿ" ಅಂತ ತಾವಾಗಿಯೇ ಲ್ಯಾಪ್‌ಟಾಪ್ ತೆಗೆಯುತ್ತಾರೆ!

ಈ ವಿಷಯ ಬಂದಾಗ ನಮ್ಮವರಲ್ಲಿ ಎರಡು ಪಕ್ಷ. "ಶಾಲೆಗೆ ಕಳಿಸೋದು ಓದೋಕೆ, ಕಾರ್ ರೇಸಿಗಲ್ಲ" ಎನ್ನುವವರು ಕೆಲವರು. "ಆಡ್ತಾ ಆಡ್ತಾ ಕಲೀತಾರೆ ಬಿಡಿ" ಎನ್ನುವವರು ಇನ್ನು ಕೆಲವರು. ನನ್ನ ಅಭಿಪ್ರಾಯ ಎರಡಕ್ಕೂ ಸೇರಿದ್ದಲ್ಲ. ಆಟ ಇರಲಿ, ಖಂಡಿತ ಇರಲಿ. ಆದರೆ ಆಟ ಶುರುವಾಗುವ ಮುಂಚೆ ಮಗುವಿನ ಪಕ್ಕದಲ್ಲಿ ಒಬ್ಬ ಮನುಷ್ಯ ಇರಬೇಕು.

ಕಾರಣ ಬಹಳ ಸರಳ. ದಿನವಿಡೀ ಪ್ರೋಗ್ರಾಂ ಬರೆಯುವ ನಮ್ಮಂಥವರಿಗೂ ಇದು ಸುಲಭವಾಗಿ ಮರೆತುಹೋಗುತ್ತದೆ. ಕೀಬೋರ್ಡಿನಲ್ಲಿ ಒಂದು ಕೀ ಒತ್ತಿದಾಗ ಕಂಪ್ಯೂಟರಿಗೆ ತಲುಪುವುದು ಆ ಕೀಯ ಸಂಕೇತ ಮಾತ್ರ. ಒತ್ತಿದ್ದು ಕಿರುಬೆರಳೋ, ತೋರುಬೆರಳೋ, ಮಗು ಕೀಬೋರ್ಡ್ ನೋಡುತ್ತಿತ್ತೋ, ಪರದೆ ನೋಡುತ್ತಿತ್ತೋ, ಇದ್ಯಾವುದೂ ಅದಕ್ಕೆ ಗೊತ್ತಾಗುವುದಿಲ್ಲ. ಯಾವ ಕೀಗೆ ಯಾವ ಬೆರಳು ಎಂದು ಚಿತ್ರ ಬಿಡಿಸಿ ತೋರಿಸುವ ಪಾಠಗಳೇನೋ ಇವೆ. ಅವು ತೋರಿಸಬಲ್ಲವು, ನೋಡಲಾರವು. ಆಟ ಎಣಿಸುವುದು ವೇಗ ಮತ್ತು ತಪ್ಪುಗಳನ್ನು. ಮಕ್ಕಳು ಜಾಣರು, ಎಣಿಸುವುದನ್ನೇ ಬೆಳೆಸಿಕೊಳ್ಳುತ್ತಾರೆ. ಎರಡು ತೋರುಬೆರಳುಗಳಲ್ಲೇ ಕೋಳಿ ಕಾಳು ಹೆಕ್ಕಿದ ಹಾಗೆ ಕುಟ್ಟುತ್ತಾ ನಿಮಿಷಕ್ಕೆ ಇಪ್ಪತ್ತೈದು ಪದ ಮುಟ್ಟಿದ ಮಗುವಿಗೆ ಕಾರೂ ಸಿಗುತ್ತದೆ, ಚಪ್ಪಾಳೆಯೂ ಸಿಗುತ್ತದೆ. ಆಮೇಲೆ ಬೆರಳು ಬದಲಿಸು ಅಂದರೆ ವೇಗ ಅರ್ಧಕ್ಕೆ ಇಳಿಯುತ್ತದೆ, ರೇಸಿನಲ್ಲಿ ಸೋಲಬೇಕಾಗುತ್ತದೆ. ಯಾವ ಮಗು ಒಪ್ಪುತ್ತದೆ ಹೇಳಿ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಟೈಪಿಂಗನ್ನು ಪಂದ್ಯ ಮಾಡಿದ್ದು ಇಂದಿನವರೇನಲ್ಲ. 1888ರ ಜುಲೈ 25ರಂದು ಸಿನ್ಸಿನಾಟಿಯಲ್ಲಿ ಒಂದು ಹೆಸರಾಂತ ಪಂದ್ಯ ನಡೆಯಿತು. ಗೆದ್ದವರು ಸಾಲ್ಟ್ ಲೇಕ್ ಸಿಟಿಯ ಕೋರ್ಟಿನಲ್ಲಿ ಶೀಘ್ರಲಿಪಿ ಬರೆಯುತ್ತಿದ್ದ ಫ್ರಾಂಕ್ ಮೆಕ್‌ಗರಿನ್. ಅಕ್ಷರಗಳ ಜಾಗವನ್ನು ಬಾಯಿಪಾಠ ಮಾಡಿಕೊಂಡು, ಕೀಲಿಗಳನ್ನು ನೋಡದೆಯೇ ಅವರು ಟೈಪ್ ಮಾಡುತ್ತಿದ್ದರು. ಅವರಿಗೂ ಗೆಲುವು ಬಂದದ್ದು ಅಭ್ಯಾಸ ಮುಗಿದ ಮೇಲೆ.

ಇಷ್ಟಕ್ಕೂ ಟೈಪಿಂಗಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು? 2010ರಲ್ಲಿ ಪ್ರಕಟವಾದ ಕಾಮನ್ ಕೋರ್ ಪಠ್ಯ ಮಾನದಂಡ ನೋಡಿ. ನಾಲ್ಕನೇ ತರಗತಿಯ ಮಗು ಒಂದೇ ಕೂರುವಿಕೆಯಲ್ಲಿ ಕನಿಷ್ಠ ಒಂದು ಪುಟ, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಮೂರು ಪುಟ ಟೈಪ್ ಮಾಡಬಲ್ಲದಾಗಿರಬೇಕು ಎನ್ನುತ್ತದೆ ಅದು. ಎಲ್ಲ ರಾಜ್ಯಗಳೂ ಅದನ್ನು ಒಪ್ಪಲಿಲ್ಲ, ಒಪ್ಪಿ ಆಮೇಲೆ ಬಿಟ್ಟವೂ ಇವೆ. ಆದರೆ ಇಂದು ಹೆಚ್ಚಿನ ಕಡೆ ಮಕ್ಕಳ ಪರೀಕ್ಷೆ ಕಂಪ್ಯೂಟರಿನಲ್ಲೇ. ಅಕ್ಷರ ಹುಡುಕುವುದರಲ್ಲೇ ಅರ್ಧ ಗಮನ ಕಳೆದರೆ ವಾಕ್ಯ ಕಟ್ಟಲು ಉಳಿಯುವುದು ಇನ್ನರ್ಧ. ಬಾಯಲ್ಲಿ ಪಟಪಟ ಕತೆ ಹೇಳುವ ಮಗು ಮೂರು ಸಾಲು ಬರೆದು ನಿಲ್ಲಿಸುತ್ತದೆ. ಮೇಷ್ಟ್ರ ಕಣ್ಣಿಗೆ ಬೀಳುವುದು ಆ ಮೂರು ಸಾಲು ಮಾತ್ರ. ನಷ್ಟ ಮಗುವಿನದು.

"ಮುಂದೆ ಮಾತಾಡಿದರೆ ಸಾಕು, ಕಂಪ್ಯೂಟರೇ ಬರೆದುಕೊಳ್ಳುತ್ತೆ" ಎಂದು ಸ್ನೇಹಿತರೊಬ್ಬರು ವಾದಿಸಿದರು. ಬರೆದುಕೊಳ್ಳುತ್ತದೆ, ನಿಜ. ಆದರೆ ಇಪ್ಪತ್ತೈದು ಮಕ್ಕಳ ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ತಂತಮ್ಮ ಪ್ರಬಂಧ ಹೇಳತೊಡಗಿದರೆ ಅದು ಪರೀಕ್ಷೆಯೋ ಸಂತೆಯೋ?

ನಮ್ಮ ಊರುಗಳ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟುಗಳನ್ನು ನೆನಪಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ನಮ್ಮ ಚಿಕ್ಕಮ್ಮ, ಸೋದರಮಾವಂದಿರೆಲ್ಲ ಅಲ್ಲಿ ಎ-ಎಸ್-ಡಿ-ಎಫ್ ಕುಟ್ಟಿದವರೇ. ಬೇಸರದ ಪಾಠ, ಒಪ್ಪುತ್ತೇನೆ. ಆದರೆ ಅಲ್ಲಿ ಮೇಷ್ಟ್ರು ಹಾಳೆಗಿಂತ ಮುಂಚೆ ಬೆರಳು ನೋಡುತ್ತಿದ್ದರು. ಜೂನಿಯರ್, ಸೀನಿಯರ್ ಪಾಸಾದವರ ಕೈ ಇಂದಿಗೂ ತನ್ನ ಜಾಗ ಮರೆತಿಲ್ಲ. ಇನ್‌ಸ್ಟಿಟ್ಯೂಟಿನಲ್ಲಿ ಆಟ ಇರಲಿಲ್ಲ, ಈಗಿನ ಆಟದಲ್ಲಿ ಮೇಷ್ಟ್ರಿಲ್ಲ. ಎರಡೂ ಸೇರಬೇಕು.

ಹಾಗಾದರೆ ನಾವು ಮಾಡಬಹುದಾದದ್ದೇನು? ಮುಂದಿನ ಪೇರೆಂಟ್-ಟೀಚರ್ ಭೇಟಿಯಲ್ಲಿ "ಯಾವ ಆಟ?" ಎಂದು ಕೇಳುವ ಬದಲು "ಬೆರಳು ಯಾರು ನೋಡುತ್ತಾರೆ?" ಎಂದು ಕೇಳಿ. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಪಕ್ಕದಲ್ಲಿ ಕೂರಿ. ಎಫ್ ಮತ್ತು ಜೆ ಕೀಗಳ ಮೇಲಿರುವ ಪುಟ್ಟ ಉಬ್ಬನ್ನು ತೋರುಬೆರಳುಗಳಿಂದ ಮುಟ್ಟಿ ಹುಡುಕಲು ಹೇಳಿಕೊಡಿ. ಕೈಗಳ ಮೇಲೆ ಒಂದು ಟವೆಲ್ ಹಾಸಿ. ಮೊದಲ ಆರೇಳು ವಾರ ವೇಗದ ಮಾತೇ ಬೇಡ. ಆಮೇಲೆ ರೇಸಿಗೆ ಬಿಡಿ, ಆಟದ ನಿಜವಾದ ಉಪಯೋಗ ಆಗ ಗೊತ್ತಾಗುತ್ತದೆ. ಸಾವಿರ ಸಲ ಮಾಡಬೇಕಾದ ಅಭ್ಯಾಸವನ್ನು ಬೇಸರವಿಲ್ಲದೆ ಮಾಡಿಸುವ ಶಕ್ತಿ ಆಟಕ್ಕಿದೆ, ನಮಗಿಲ್ಲ.

ಇದರಿಂದ ಕನ್ನಡಕ್ಕೂ ಒಂದು ಲಾಭವಿದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಕೊಡುವ ಕೀ ಎಫ್, ಅಂದರೆ ಎಡಗೈ ತೋರುಬೆರಳು ಸದಾ ಕೂತಿರುವ ಜಾಗ. 'ಅಮ್ಮ' ಎಂದು ಬರೆಯಲು ಎ, ಎಂ, ಎಫ್, ಎಂ, ನಾಲ್ಕೇ ಒತ್ತು. 'ಕನ್ನಡ'ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು, ಐದೇ. ಇಂಗ್ಲಿಷಿಗೆ ಬೆರಳು ಸರಿಯಾಗಿ ಕೂತ ಮಗುವಿಗೆ ಕನ್ನಡ ಟೈಪಿಂಗ್ ಕಷ್ಟವಾಗದು. ಅಜ್ಜಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಸಂದೇಶ ಕಳಿಸುವ ಮಗು ಕನ್ನಡ ಅಕ್ಷರಗಳಲ್ಲೇ ಕಳಿಸಬಹುದು.

ನಮ್ಮ ಸಂಘದಲ್ಲಿ ಸಾಫ್ಟ್‌ವೇರಿನವರಿಗೆ ಬರವೇ? ಭಾನುವಾರದ ಕನ್ನಡ ತರಗತಿಗೆ ಒಂದು ಪುಟ್ಟ ಕನ್ನಡ ಟೈಪಿಂಗ್ ಆಟವನ್ನು ನಾವೇ ಬರೆಯಬಹುದು. ಕಾರಿನ ಬದಲು ಕಂಬಳದ ಕೋಣ ಓಡಲಿ! ಆಟ ಬರೆಯಲು ಇಬ್ಬರು ಮೂವರು ಸಾಕು. ಮಕ್ಕಳ ಪಕ್ಕ ಕೂತು ಬೆರಳು ನೋಡಲು ಮಾತ್ರ ಹೆಚ್ಚು ಜನ ಬೇಕು, ಅದಕ್ಕೆ ಇಂಜಿನಿಯರಿಂಗ್ ಡಿಗ್ರಿಯೂ ಬೇಡ. ಅಜ್ಜ-ಅಜ್ಜಿಯರಲ್ಲಿ ಟೈಪಿಂಗ್ ಸೀನಿಯರ್ ಪಾಸಾದವರಿದ್ದರೆ ಅವರೇ ನಮ್ಮ ಮೊದಲ ಮೇಷ್ಟ್ರು.

ಏನಂತೀರಿ?